ಜ್ವಾಲಾಮಾಲಿನಿಯವರ ಜೀನಿಗೆ ಪೌತಿ ಖಾತೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಯಾರಿಗೆ ಯಾವ ಕಾಯಿಲೆ ಬರಬಹುದೆಂಬುದನ್ನು ಸಾಗರದ ವಂಶವಾಹಿ ಉಪಕಚೇರಿಯೇ ತೀರ್ಮಾನಿಸತಕ್ಕದ್ದು ಎಂದು ಆದೇಶವಾಗಿ ಎರಡು ವರ್ಷವಾಯಿತು. ಕಚೇರಿಗೆ ವಿಜ್ಞಾನಿಯ ಹುದ್ದೆ ಮಂಜೂರಾಗದ ಕಾರಣ ಜಮೀನು ಅಳೆಯುವ, ಖಾತೆ ಬರೆಯುವ ಸಿಬ್ಬಂದಿಯನ್ನೇ ನಿಯೋಜನೆ ಮೇಲೆ ಕಳುಹಿಸಲಾಗಿತ್ತು. ಇದರಿಂದ ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ.

ಹೊಸನಗರದ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ಜ್ವಾಲಾಮಾಲಿನಿ ಮೇಡಂ ನಲವತ್ತೈದು ಕೆಜಿ ಇದ್ದರು. ಈಚೆಗೆ ಕಣ್ಣು ಎಷ್ಟು ಮಂಜಾಗಿತ್ತೆಂದರೆ ಬೋರ್ಡಿನ ಮೇಲೆ ತಾವೇ ಬರೆದದ್ದನ್ನು ಮಕ್ಕಳಿಂದ ಓದಿಸಿ ತಿಳಿದುಕೊಳ್ಳುತ್ತಿದ್ದರು. ಡಾಕ್ಟರ್ ಶ್ರೀಗೌರಿ ರಕ್ತ ಪರೀಕ್ಷೆ ಮಾಡಿದರು. ಬರಿಹೊಟ್ಟೆಯಲ್ಲೇ ಸಕ್ಕರೆ ಇನ್ನೂರ ಹತ್ತು.

"ಇಷ್ಟು ಸಣ್ಣ ಇದೀನಲ್ಲ ಡಾಕ್ಟ್ರೇ, ನಂಗೆ ಹೇಗ್ ಬಂತು?"

"ಕೆಲವು ದೇಶದವ್ರಿಗೆ ದಪ್ಪ ಆದ್ಮೇಲೆ ಬರೋದು, ನಮ್ಮ ಕಡೆ ಎಷ್ಟೋ ಜನಕ್ಕೆ ಸಣ್ಣ ಇದ್ದಾಗ್ಲೇ ಬರತ್ತೆ. ಜೀನಿಂದೂ ಕೈವಾಡ ಇರತ್ತೆ. ಅಪ್ಪಂಗೆ ಇತ್ತಾ?"

"ಇತ್ತು. ಅವ್ರೂ ಕಡ್ಡಿ ಹಾಗೇ ಇದ್ರು."

"ಹಾಗಾದ್ರೆ ಅಲ್ಲಿಂದ್ಲೇ ಬಂದಿರ್ಬೇಕು. ಮಾತ್ರೆ ಬರ್ದಿದೀನಿ. ಆದ್ರೆ ಸಾಗರದ ಸೀಲ್ ಇಲ್ದೆ ಯಾರೂ ಕೊಡಲ್ಲ."

ಸಾಗರದಲ್ಲಿ ಶಿರಸ್ತೇದಾರ ರಾಜೇಂದ್ರ ಗೋಡೆಯ ಕೋಷ್ಟಕ ನೋಡಿದರು. ಹಿಮ ಬೀಳುವ ಯಾವುದೋ ದೇಶದವರನ್ನು ತೂಗಿ ಮಾಡಿದ ಕೋಷ್ಟಕವದು.

"ನಲವತ್ತೈದು ಕೆಜಿಗೆ ಸಕ್ಕರೆ ಕಾಯಿಲೆ ಮಂಜೂರಾಗಲ್ಲ ಮೇಡಂ. ಕನಿಷ್ಠ ಎಪ್ಪತ್ತೆಂಟು ಬೇಕು."

"ಅವ್ರ ಲೆಕ್ಕ ನಮಗೆ ಆಗಲ್ವಂತೆ ಸರ್. ನಂದು ಅಪ್ಪನಿಂದ ಬಂದಿದ್ದು."

ರಾಜೇಂದ್ರ ಪೆನ್ನು ಕೆಳಗಿಟ್ಟರು. "ಪಿತ್ರಾರ್ಜಿತ ಅಂತ ಮೊದ್ಲೇ ಹೇಳ್ಬಾರ್ದಾ? ತಂದೆ ಇದಾರಾ?"

"ಹೋಗಿ ಆರು ವರ್ಷ ಆಯ್ತು."

"ಪೌತಿ ಖಾತೆ ಮಾಡಿಸಿದ್ರಾ?"

"ಜೀನಿಗಾ?"

"ಮತ್ತೆ? ದಾಖಲೆ ಪ್ರಕಾರ ಜೀನು ಇವತ್ತಿಗೂ ಅಪ್ಪನ ಹೆಸರಲ್ಲೇ ಇದೆ. ತೀರಿಕೊಂಡವರ ಕಾಯಿಲೆಗೆ ನಿಮಗೆ ಹೇಗ್ರೀ ಮಾತ್ರೆ ಕೊಡೋದು?"

ಅಪ್ಪನ ಹೆಸರಿನಲ್ಲಿರುವ ಜೀನನ್ನು ತಮ್ಮ ಹೆಸರಿಗೆ ಮಾಡಿಕೊಡಬೇಕೆಂದು ಜ್ವಾಲಾಮಾಲಿನಿ ಅರ್ಜಿ ಕೊಟ್ಟರು. ಮರುವಾರ ಭೂಮಾಪಕ ದುರ್ಗೇಶ್ ಸರಪಳಿ ಹೊತ್ತು ಶಾಲೆಗೇ ಬಂದು, ಮೇಡಂ ಅವರನ್ನು ಮೈದಾನದಲ್ಲಿ ನಿಲ್ಲಿಸಿ, ಮಹಜರು ಬರೆದರು: "ಸದರಿ ಜೀನಿನ ಚಕ್ಕುಬಂದಿ: ಮೇಲಕ್ಕೆ ತಲೆ, ಕೆಳಕ್ಕೆ ಚಪ್ಪಲಿ, ಎಡಕ್ಕೆ ವ್ಯಾನಿಟಿ ಬ್ಯಾಗು, ಬಲಕ್ಕೆ ಹೆಡ್‌ಮಾಸ್ಟರು. ಜೀನು ಕಣ್ಣಿಗೆ ಬೀಳಲಿಲ್ಲ. ಒತ್ತುವರಿಯೂ ಕಂಡುಬಂದಿಲ್ಲ."

ಆಕ್ಷೇಪಣೆಗೆ ಮೂವತ್ತು ದಿನ ಕೊಡಲಾಯಿತು. ಇಪ್ಪತ್ತೊಂಬತ್ತನೆಯ ದಿನ ಅಣ್ಣ ಅಜಿತಕುಮಾರ ತೀರ್ಥಹಳ್ಳಿಯಿಂದ ಪಾತ್ರೆ ಅಂಗಡಿಗೆ ಬೀಗ ಹಾಕಿಕೊಂಡೇ ಬಂದರು. ದೇಹ ತುಂಬಿಕೊಂಡ ಮನುಷ್ಯ. ಸಕ್ಕರೆ ಮಾತ್ರ ಇರಲಿಲ್ಲ.

"ಅಪ್ಪನಿಂದ ಬಂದಿದ್ರಲ್ಲಿ ನಂಗೂ ಅರ್ಧ ಪಾಲಿದೆ."

"ಅಣ್ಣಾ, ಅದು ಕಾಯಿಲೆ!"

"ಇವತ್ತು ಕಾಯಿಲೆ ಅಂತೀಯ. ನಾಳೆ ಯಾವುದೋ ಕಂಪನಿಯವ್ರು ಬಂದು ಇದೇ ಜೀನು ಬೇಕು ಅಂದ್ರೆ? ಆಗ ನಾನು ಬಾಯಿ ಬಾಯಿ ಬಿಡ್ಬೇಕಾ?"

ಅವತ್ತು ಜ್ವಾಲಾಮಾಲಿನಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತರು. ಸಕ್ಕರೆ ಇನ್ನೂರ ಅರವತ್ತಕ್ಕೆ ಏರಿತ್ತು. ಎದುರಿಗೆ ಬಂದ ಊರಿನ ಬೋರ್ಡು ಓದಲಾಗದೆ ಎರಡು ಸ್ಟಾಪು ಮುಂದೆ ಹೋಗಿ ಇಳಿದರು.

ಜಂಟಿ ಖಾತೆಯ ಆದೇಶ ಬಂತು. ದಿನಕ್ಕೊಂದು ಮಾತ್ರೆ, ಇಬ್ಬರಿಗೂ ಅರ್ಧರ್ಧ. ಅನುಭೋಗದಲ್ಲಿ ಇಲ್ಲದಿದ್ದರೆ ಹಕ್ಕು ತಪ್ಪೀತೆಂದು ಅಜಿತಕುಮಾರ ತಮ್ಮ ಪಾಲನ್ನು ಕ್ರಮವಾಗಿ ನುಂಗತೊಡಗಿದರು. ಮೂರನೆಯ ದಿನಕ್ಕೆ ಹೊಟ್ಟೆ ಕೆಟ್ಟಿತು. ಗಿರಾಕಿಗಳು ಕೊಳಗ ಹಿಡಿದು ಅಂಗಡಿಯಲ್ಲಿ ಕಾದರೆ ಮಾಲೀಕರು ಹಿತ್ತಲಿನಿಂದಲೇ ಬೆಲೆ ಕೂಗುತ್ತಿದ್ದರು. ಐದನೆಯ ದಿನ ತಂಗಿಯ ಮನೆಗೆ ಬಂದು ಪೊಟ್ಟಣ ಮುಂದಿಟ್ಟರು.

"ನನ್ನ ಪಾಲೂ ನೀನೇ ತಗೋ ಮಾರಾಯ್ತಿ. ನಂಗೆ ಅಪ್ಪನ ನೆನಪೇ ಸಾಕು."

ತಂಗಿ ಹದಿನೈದು ದಿನ ಪೂರ್ತಿ ಮಾತ್ರೆ ನುಂಗಿದ ಮೇಲೆ, ಇದನ್ನು ಕ್ರಮಬದ್ಧ ಮಾಡಿಸಲು ಇಬ್ಬರೂ ಸಾಗರಕ್ಕೆ ಹೋದರು. ರಾಜೇಂದ್ರ ತಲೆಯಾಡಿಸಿದರು. "ಮಂಜೂರಾದ ಜೀನನ್ನ ಹದಿನೈದು ವರ್ಷ ಪರಭಾರೆ ಮಾಡೋ ಹಾಗಿಲ್ಲ."

"ಗೇಣಿಗೆ ಕೊಟ್ರೆ?" ಎಂದರು ಅಜಿತಕುಮಾರ.

"ಗೇಣಿ ರದ್ದಾಗಿ ಎಷ್ಟು ಕಾಲ ಆಯ್ತು!"

ಜ್ವಾಲಾಮಾಲಿನಿ ತರಗತಿಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದರು: "ಗೇಣಿ ರದ್ದಾದಾಗ ಜಮೀನು ಉಳ್ತಾ ಇದ್ದವ್ರಿಗೇ ಆಯ್ತಲ್ವಾ ಸರ್? ಇವನ ಪಾಲಿನ ಮಾತ್ರೆ ಹದಿನೈದು ದಿನದಿಂದ ನುಂಗ್ತಾ ಇರೋದು ನಾನು."

ರಾಜೇಂದ್ರ ಎದ್ದು ನಿಂತರು. ಆ ಕಚೇರಿಯಲ್ಲಿ ಅವರು ಯಾರಿಗೂ ಎದ್ದು ನಿಂತದ್ದಿರಲಿಲ್ಲ. "ನುಂಗುವವರೇ ಒಡೆಯರು" ಎಂಬ ಸುತ್ತೋಲೆ ಅಂದೇ ಸಂಜೆ ಮೂರೂ ತಾಲ್ಲೂಕುಗಳಿಗೆ ಹೊರಟಿತು.

ಜ್ವಾಲಾಮಾಲಿನಿಯವರ ಸಕ್ಕರೆ ಈಗ ನೂರ ಇಪ್ಪತ್ತೈದು. ಮಕ್ಕಳ ಕಾಪಿ ಚೀಟಿಯೂ ಅವರಿಗೆ ಕಾಣಿಸುತ್ತದೆ.

ಜನರಿಗೂ ವ್ಯವಸ್ಥೆ ಹಿಡಿಸಿದೆ. ಮಂಗಳವಾರ ಪೌತಿಗೆ ಸರದಿ ನಿಲ್ಲುತ್ತದೆ. ಸಂಬಂಧ ಕುದುರಿಸುವವರು ಹುಡುಗನ ಬಿಪಿ ಯಾರ ಹೆಸರಲ್ಲಿದೆ ಎಂದು ಮೊದಲೇ ವಿಚಾರಿಸುತ್ತಾರೆ. ಕಳೆದ ಮಂಗಳವಾರ ಈ ಅಣ್ಣತಂಗಿಯರ ತಾಯಿ, ಎಂಬತ್ತೊಂದರ ಜಿನಶ್ರೀಯಮ್ಮನವರು, ಮುಂದೆ ಮಕ್ಕಳಲ್ಲಿ ಜಗಳ ಬೇಡವೆಂದು ತಮ್ಮ ಎರಡೂ ಮೊಣಕಾಲಿನ ನೋವನ್ನು ಮಗನ ಹೆಸರಿಗೆ ಉಯಿಲು ಬರೆಸಿ ಹೆಬ್ಬೆಟ್ಟು ಒತ್ತಿದರು.

ಈ ಸಲ ಪಾಲಾಗದೆ ಪೂರ್ತಿ ತನಗೇ ಬಂತೆಂದು ಅಜಿತಕುಮಾರ ಕಚೇರಿಗೆಲ್ಲ ಪೇಡೆ ಹಂಚಿದರು.