ದೊಡ್ಡಪ್ಪನ ಮರಳಿನ ಗಡಿಗೆ

ನಮ್ಮ ದೊಡ್ಡಪ್ಪನಷ್ಟು ಮೊಬೈಲಿಗೆ ಹೆದರುವ ಮನುಷ್ಯ ಇಡೀ ಹಲಸೂರಿನಲ್ಲಿ ಇನ್ನೊಬ್ಬರಿಲ್ಲ. ಅವರಿಗೆ ಹೆದರದ ಮೊಬೈಲೂ ಇಲ್ಲ ಅನ್ನಿ! ಅವರ ಮನೆಗೆ ಹೋದವರು ಚಪ್ಪಲಿಯನ್ನು ಬಾಗಿಲಾಚೆ ಬಿಡಬೇಕು, ಫೋನನ್ನು ಜಗಲಿಯ ಮೇಲಿನ ಮರಳು ತುಂಬಿದ ಗಡಿಗೆಯಲ್ಲಿ ಬಿಡಬೇಕು; ಬ್ಯಾಟರಿ ಹೊತ್ತಿಕೊಂಡರೆ ಮರಳು ಆರಿಸುತ್ತದಂತೆ. ಒಳಗೆ ದೊಡ್ಡಮ್ಮ ಇದ್ದಾರೆ, ಅವರ ಎದೆಯಲ್ಲಿ ಬಡಿತ ಕಾಯುವ ಪೇಸ್‌ಮೇಕರ್ ಇದೆ. ಚಪ್ಪಲಿ ಮರೆತು ಒಳಗೆ ಬಂದವರಿಗೆ ಕ್ಷಮೆಯುಂಟು, ಫೋನ್ ಮರೆತು ತಂದವರಿಗಿಲ್ಲ.

ಹೊಸ ಫೋನಿನ ಡಬ್ಬಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳ ಒಂದು ಕಾಗದ ಇರುತ್ತದಲ್ಲ, ನೀವು ಓದಿದ್ದೀರಾ? ನಾನಂತೂ ಇಲ್ಲ. ದೊಡ್ಡಪ್ಪ ಶಿವಾಜಿನಗರದ ಅಂಗಡಿಯಲ್ಲೇ ಸ್ಟೂಲ್ ಎಳೆದುಕೊಂಡು, ಭೂತಗನ್ನಡಿ ಹಿಡಿದು ಓದಲು ಕೂತರು. ಹಿಂದೆ ಗಿರಾಕಿಗಳು ಸೇರತೊಡಗಿದರು.

"ಅಂಕಲ್, ಅದನ್ನ ಯಾರೂ ಓದಲ್ಲ. ಕಂಪನಿಯವ್ರೂ ಓದಿರಲ್ಲ," ಎಂದ ಅಂಗಡಿಯವ.

"ಬರೆದೋನು ಪಾಪ ಕಷ್ಟಪಟ್ಟಿರ್ತಾನಪ್ಪ. ಒಬ್ಬರಾದ್ರೂ ಓದ್ಬೇಡ್ವಾ?" ಎಂದ ದೊಡ್ಡಪ್ಪ ಕೊನೆಯ ಸಾಲಿನವರೆಗೂ ಓದಿ ತಲೆಯೆತ್ತಿದರು. "ತರಂಗ ಸರ್ಕಾರದ ಮಿತಿಯೊಳಗೇ ಇದೆ. ಪೇಸ್‌ಮೇಕರಿಂದ ದೂರ ಇಡಿ ಅಂತಾನೂ ಇದೆ. ಪ್ಯಾಕ್ ಮಾಡು."

ಚಾರ್ಜ್ ಹಾಕುವುದೆಂದರೆ ಅವರ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟಂತೆ. ಹಾಸಿಗೆ, ಸೋಫಾ, ದಿಂಬು ಯಾವುದರ ಮೇಲೂ ಕೂಡದು, ಹಿತ್ತಲಿನ ಒರಳುಕಲ್ಲೇ ಗತಿ. ಪಕ್ಕದಲ್ಲಿ ಒಬ್ಬರು ಕಾವಲಿರಬೇಕು. ದೊಡ್ಡಪ್ಪ ಆಗಾಗ ಬಂದು, ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟಿ ನೋಡಿ, "ಜ್ವರ ಬಂದಿದೆ, ತೆಗಿ" ಎಂದರೆ ಮರುಮಾತಿಲ್ಲದೆ ತೆಗೆಯಬೇಕು.

ನನ್ನನ್ನು ನೋಡಲು ಹೊರಮಾವಿನಿಂದ ಗಂಡಿನ ಕಡೆಯವರು ಬಂದದ್ದೂ ಇದೇ ಮನೆಗೆ. ಜಾತಕ ಕೈಗೆ ಕೊಟ್ಟರೆ ದೊಡ್ಡಪ್ಪ ಪಕ್ಕಕ್ಕಿಟ್ಟುಬಿಟ್ಟರು. "ಇದು ಆಮೇಲೆ. ಮೊದಲು ನಿನ್ನ ಫೋನ್ ಕೊಡಪ್ಪ." ಹುಡುಗ ಗಾಬರಿಯಾಗಿ ಕೊಟ್ಟ. ಅದನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತಳ್ಳಿದರೆ ಬುಗುರಿಯಂತೆ ಗಿರಗಿರ ತಿರುಗಿತು!

"ನೋಡಿದ್ರಾ? ಸರಿಯಿರೋ ಫೋನ್ ಹೀಗೆ ತಿರುಗಲ್ಲ. ಒಳಗೆ ಬ್ಯಾಟರಿ ಪೂರಿ ಥರ ಉಬ್ಬಿದೆ. ಇದನ್ನ ಪ್ಯಾಂಟ್ ಜೇಬಲ್ಲಿ ಇಟ್ಕೊಂಡು ಮದುವೆ ಆಗೋಕೆ ಬಂದಿದ್ದೀಯಲ್ಲೋ!"

ಫೋನ್ ಗಡಿಗೆ ಸೇರಿತು. ಕೈಯಲ್ಲಿ ಫೋನಿಲ್ಲದ ಹುಡುಗ ಇನ್ನೇನು ಮಾಡಿಯಾನು? ನನ್ನ ಮುಖ ನೋಡಿ ಮಾತಾಡಿದ. ಈಗ ನಾವಿಬ್ಬರೂ ಇಂದಿರಾನಗರದಲ್ಲಿ ಸಂಸಾರ ಹೂಡಿದ್ದೇವೆ.

ದೊಡ್ಡಮ್ಮನ ಜೊತೆ ಮೆಟ್ರೋ ಹತ್ತಿದರಂತೂ ನೋಡಬೇಕು. ಎರಡೂ ಕೈ ಚಾಚಿ, ಅವರ ಸುತ್ತ ಬೇಲಿ ಹಾಕಿಕೊಂಡು ನಿಲ್ಲುತ್ತಾರೆ. "ಸ್ವಾಮಿ, ನಿಮ್ಮ ಜೇಬು ಸ್ವಲ್ಪ ಆ ಕಡೆ ತಿರುಗಿಸ್ಕೊಳ್ರೀ."

"ಡಾಕ್ಟ್ರು ಒಂದು ಗೇಣು ದೂರ ಸಾಕು ಅಂದಿದ್ದಾರಲ್ರೀ," ಎಂದು ದೊಡ್ಡಮ್ಮ ನಾಚಿಕೆಯಿಂದ ಗೊಣಗಿದರೆ, "ನಾನು ಎರಡು ಬಿಟ್ಟಿದ್ದೀನಿ. ಒಂದು ಡಾಕ್ಟರದ್ದು, ಒಂದು ನಂದು" ಎನ್ನುತ್ತಾರೆ.

ಕಳೆದ ಶನಿವಾರ ದೊಡ್ಡಮ್ಮನನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದೆವು. ಎಲ್ಲ ಸರಿಯಿದೆ ಎಂದರು ಡಾಕ್ಟರು. ದೊಡ್ಡಪ್ಪ ಏಳಲಿಲ್ಲ. "ಈ ಪೇಸ್‌ಮೇಕರ್ ಬ್ಯಾಟರಿ ಬಿಸಿಯಾದ್ರೆ ನಮಗೆ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ? ಮುಟ್ಟಿ ನೋಡೋಕಾಗಲ್ವಲ್ಲ?" ಎಂದರು. ನನಗೆ ನಗು ಬಂದೇಬಿಟ್ಟಿತು. ಡಾಕ್ಟರು ನಗಲಿಲ್ಲ. "ಅದನ್ನ ನೋಡ್ಕೊಳ್ಳೋಕೆ ನಾವಿದ್ದೀವಿ ಯಜಮಾನ್ರೇ," ಎಂದರು.

ಸಂಜೆ ಮನೆಗೆ ಬಂದು ಕಾಫಿ ಕುಡಿದೆವು. ಹೊರಡುವ ಮುಂಚೆ ಫೋನ್ ತೆಗೆದುಕೊಳ್ಳಲು ಜಗಲಿಗೆ ಬಂದೆ. ಕಿಟಕಿಯಿಂದ ಒಳಗೆ ಕಂಡಿತು. ದೊಡ್ಡಪ್ಪ ದೊಡ್ಡಮ್ಮನ ಪಕ್ಕ ಕೂತು, ಫೋನುಗಳ ಜ್ವರ ನೋಡುವ ಅದೇ ಕೈಯನ್ನು ಅವರ ಎದೆಯ ಎಡಭಾಗದ ಮೇಲೆ ಮೆಲ್ಲಗೆ ಇಟ್ಟಿದ್ದರು.

"ಬಿಸಿ ಇದೆಯೇನ್ರೀ?"

"ಇಲ್ಲ ಕಣೇ. ಬೆಚ್ಚಗಿದೆ."

ಊರಿನ ಬ್ಯಾಟರಿಗಳನ್ನೆಲ್ಲ ಗದರಿಸುವ ಆ ಮನುಷ್ಯ ಕೈ ತೆಗೆಯಲೇ ಇಲ್ಲ. ಆಸ್ಪತ್ರೆಯಲ್ಲಿ ನಕ್ಕಿದ್ದ ನಾನು ಕಿಟಕಿಯಿಂದ ಹಿಂದೆ ಸರಿದೆ. ಗಡಿಗೆಯೊಳಗೆ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಬಡಿದುಕೊಳ್ಳಲಿ ಎಂದು ಅಲ್ಲೇ ಬಿಟ್ಟು, ಜಗಲಿಯ ಮೇಲೆ ಸುಮ್ಮನೆ ಕೂತೆ.