ಸಾಯದೆ ಉಳಿದು ಮೊಮ್ಮಗಳ ಅರ್ಜಿ ಕೆಡಿಸಿದ ಅಜ್ಜಿಯ ಅಹವಾಲು

ವೈದ್ಯಕೀಯ ಕಾಲೇಜಿನ ಪ್ರವೇಶ ಸಮಿತಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ, ಓಹಾಯೋದ ಸರೋವರದ ದಂಡೆಯಿಂದ ಲಿಯೊಕಾಡಿಯಾ ವ್ರೋನಾ ಎಂಬ ಮುದುಕಿ ಮಾಡುವ ವಂದನೆಗಳು. ನನಗೆ ಎಂಬತ್ತು ಸಮೀಪಿಸಿದೆ, ರಕ್ತದೊತ್ತಡ ಸರಿಯಾಗಿದೆ, ಹಲ್ಲುಗಳಲ್ಲಿ ಹೆಚ್ಚಿನವು ನನ್ನವೇ. ಈ ಉದ್ಧಟತನಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ಏಕೆಂದರೆ ನನ್ನ ಮೊಮ್ಮಗಳು ಯೊಲಾಂಟಾ ವೈದ್ಯೆಯಾಗುವುದಕ್ಕೆ ಅಡ್ಡಿಯಾದದ್ದು ನನ್ನ ಆರೋಗ್ಯವೇ ಎಂಬುದು ಈಗ ತಿಳಿದುಬಂದಿದೆ.

ನಡೆದದ್ದು ಇಷ್ಟು. ಯೊಲಾಂಟಾ ಪ್ರವೇಶ ಪರೀಕ್ಷೆಗೆ ಮೊದಲ ಸಲ ಕೂತಾಗ ಭೌತಶಾಸ್ತ್ರದ ಭಾಗದಲ್ಲಿ ಅಂಕಗಳು ನೆಲ ಕಚ್ಚಿದವು. ಮರುವರ್ಷ ಓದಿ ಮತ್ತೆ ಬರೆದಳು, ಚೆನ್ನಾಗಿಯೇ ಬಂತು. ಆದರೆ ಹಳೆಯ ಅಂಕವೂ ತಮ್ಮ ಕಣ್ಣಿಗೆ ಬೀಳುತ್ತದೆಂದೂ, ಅದಕ್ಕೆ ವಿವರಣೆ ಕೊಡುವುದೋ ಬಾಯಿ ಮುಚ್ಚಿಕೊಂಡಿರುವುದೋ ಮೊದಲು ತೀರ್ಮಾನಿಸಬೇಕೆಂದೂ ಅವಳ ಕಾಲೇಜಿನ ಸಲಹೆಗಾರ ಪ್ರುಯಿಟ್ ಹೇಳಿದರು. ತಾವು ಹೊರಡಿಸಿದ ಸೂಚನೆಗಳನ್ನು ಅವರೇ ಓದಿ ಹೇಳಿದರಂತೆ: ಕಾರಣ ಕೊಡಬೇಕು, ಆದರೆ ನೆಪ ಹೇಳಬಾರದು, ಎಲ್ಲವನ್ನೂ ತಿಳಿಸಬೇಕು, ಆದರೆ ಚುಟುಕಾಗಿರಬೇಕು, ತಪ್ಪು ತನ್ನದೇ ಎನ್ನಬೇಕು, ಆದರೆ ತನ್ನದಲ್ಲ ಎಂಬುದು ಓದಿದವರಿಗೆ ತಾನಾಗಿ ತಿಳಿಯಬೇಕು. ಇಂಥ ಸೂಕ್ಷ್ಮವಾದ ಬರಹ ನಮ್ಮ ಪಾದ್ರಿಗಳಿಂದಲೂ ಸಾಧ್ಯವಿಲ್ಲ, ಮಾನ್ಯರೇ. ತಮ್ಮ ಸಮಿತಿಗೆ ತಲೆಬಾಗಿದ್ದೇನೆ.

ಆಮೇಲೆ ಪ್ರುಯಿಟ್ ಅವರು ಬಹಳ ಮೃದುವಾಗಿ, ಆ ಸಮಯದಲ್ಲಿ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೇ ಎಂದು ವಿಚಾರಿಸಿದರು. ಇಲ್ಲ. ಕಾಯಿಲೆ? ಇಲ್ಲ. ತಂದೆತಾಯಿ ಬೇರೆಯಾಗುವ ಮಾತು? ನನ್ನ ಮಗಳೂ ಅಳಿಯನೂ ಆ ವಾರ ಅಡುಗೆಮನೆಗೆ ಬಣ್ಣ ಹೊಡೆಯುತ್ತಿದ್ದರು, ಅದೂ ಹಾಡು ಹೇಳಿಕೊಂಡು. "ಏನೂ ಆಗಿಲ್ವಾ? ಒಂಚೂರೂ?" ಎಂದು ಕೇಳಿದ ಆ ಸಜ್ಜನರ ಮುಖ ಬಾಡಿಹೋಯಿತಂತೆ. ಅಜ್ಜ ತೀರಿಕೊಂಡದ್ದು ಇವಳ ಬಾಯಿಂದ ಬಂದಾಗ ಒಂದು ಕ್ಷಣ ಚಿಗುರಿಕೊಂಡರಂತೆ. ಆದರೆ ಅದು ಇವಳು ಶಾಲೆಯಲ್ಲಿದ್ದಾಗಿನ ಮಾತು, ಅಷ್ಟು ಹಳೆಯ ಸಾವು ನಡೆಯುವುದಿಲ್ಲ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನಾನು ಪಿರೋಗಿ ಕಡುಬು ಮಡಚುತ್ತಿದ್ದೆ. ಮೊಮ್ಮಗಳ ಸಂಕಟ ನೋಡಲಾರದೆ, "ನಾನು ಸತ್ತೋದೆ ಅಂತ ಬರ್ಕೊಳೇ. ಅವರೇನು ಬಂದು ನಾಡಿ ಹಿಡಿದು ನೋಡ್ತಾರಾ?" ಎಂದೆ. ಅವಳು ನಗಲಿಲ್ಲ. "ಬಾಬ್ಚಾ, ನಂಗೆ ಭೌತಶಾಸ್ತ್ರ ಬರ್ತಿರ್ಲಿಲ್ಲ. ಬರುತ್ತೆ ಅಂದ್ಕೊಂಡು ಹೋಗಿ ಕೂತೆ. ಅಷ್ಟೇ ಆಗಿದ್ದು," ಎಂದಳು. ಅರ್ಜಿಯಲ್ಲೂ ಅದನ್ನೇ ಬರೆದಳು: "ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ, ಆಮೇಲೆ ಕಲಿತೆ" ಎಂದು.

ಸಂದರ್ಶನದಲ್ಲಿ ತಾವೇ ಖುದ್ದಾಗಿ ಅವಳಿಗೆ ಇನ್ನೊಂದು ಅವಕಾಶ ಕೊಟ್ಟಿರಿ. ಮನೆಯಲ್ಲಿ ತೊಂದರೆ ಇತ್ತೇ, ಸಂಕೋಚ ಬೇಡ ಎಂದು, ಕಾಗದದ ಕರವಸ್ತ್ರಗಳ ಪೆಟ್ಟಿಗೆಯನ್ನು ಅವಳತ್ತ ಸರಿಸಿದಿರಿ. "ಇಲ್ಲ ಸರ್, ಗೊತ್ತಿರ್ಲಿಲ್ಲ," ಎಂದಳು. ಅಭ್ಯರ್ಥಿಯಲ್ಲಿ ಆತ್ಮಾವಲೋಕನದ ಆಳ ಸಾಲದು ಎಂದು ತಮ್ಮ ಕಚೇರಿಯಿಂದ ತಿರಸ್ಕಾರದ ಪತ್ರ ಬಂತು. ಅವಳು ಅದನ್ನು ಓದಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ತಟ್ಟೆ ಹಿಡಿದು ಹೊರಗೆ ನಿಂತೇ ಇದ್ದಳು.

ಆಳದ ವಿಷಯ ಬಂದದ್ದರಿಂದ ಒಂದು ಮಾತು. ನನ್ನ ಗಂಡ ಜಿಗ್ಮುಂಟ್‌ಗೆ ಹೊಟ್ಟೆನೋವು ಬಂದಾಗ ತಮ್ಮ ಕಾಲೇಜಿನ ಆಸ್ಪತ್ರೆಯ ಹಿರಿಯ ವೈದ್ಯರು ಇಡೀ ಚಳಿಗಾಲ ವಿವರಣೆ ಕೊಟ್ಟರು. ಆಮ್ಲ, ವಯಸ್ಸು, ಕಾಫಿ, ಕೊನೆಗೆ ಅವನ ಸ್ವಭಾವ. ಒಂದೊಂದು ವಿವರಣೆಯೂ ಅಚ್ಚುಕಟ್ಟಾಗಿತ್ತು. ಈಸ್ಟರ್ ಹೊತ್ತಿಗೆ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬಳು ಮಂಚದ ಅಂಚಿನಲ್ಲಿ ಕೂತು, "ಇದೇನು ಅಂತ ನಂಗೆ ಗೊತ್ತಾಗ್ತಿಲ್ಲ. ಗೊತ್ತಿರೋರನ್ನ ಕರೀತೀನಿ," ಎಂದಳು. ಅಷ್ಟರಲ್ಲಿ ಕಾಲ ಮಿಂಚಿತ್ತು. ಆದರೂ ಅಂದು ಜಿಗ್ಮುಂಟ್ ಎಷ್ಟೋ ದಿನಗಳ ಮೇಲೆ ನಿಶ್ಚಿಂತೆಯಿಂದ ನಿದ್ದೆ ಹೋದ. ಪುಟ್ಟ ಯೊಲಾಂಟಾ ಅಲ್ಲೇ ಕಾಲ ಬಳಿ ಕೂತಿದ್ದಳು. ಡಾಕ್ಟರಾಗುತ್ತೇನೆ ಎಂದದ್ದು ಆ ಸಂಜೆ. ಈ ಸಂಗತಿಯನ್ನು ಬರೆದಿದ್ದರೆ ಸಮಿತಿ ಕಣ್ಣೀರು ಹಾಕುತ್ತಿತ್ತು. ಅಜ್ಜನನ್ನು ಅಂಕಕ್ಕೆ ಮಾರುವುದಿಲ್ಲ ಎಂದು ಅವಳೇ ಬೇಡವೆಂದಳು.

ಆದ್ದರಿಂದ ನನ್ನ ಬಿನ್ನಹ: ಯಾವ ದುಃಖ ಎಷ್ಟು ತಾಜಾ ಇರಬೇಕೆಂದು ಮುಂಚಿತವಾಗಿ ಪ್ರಕಟಿಸಿ, ಸುಖವಾಗಿರುವ ಮನೆಗಳಿಗೆ ಪರೀಕ್ಷೆಗೆ ಮುನ್ನ ಒಂದು ಸಾಧಾರಣ ದುರಂತವನ್ನು ಸಮಿತಿಯ ಖರ್ಚಿನಲ್ಲೇ ಒದಗಿಸಿಕೊಡಬೇಕು.

ಯೊಲಾಂಟಾಳಿಗೆ ಉತ್ತರದ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅಲ್ಲಿಯವರೂ ಅದೇ ಪ್ರಶ್ನೆ ಕೇಳಿದರಂತೆ, ಅದೇ ಉತ್ತರ ಕೇಳಿ, ಏನು ಕಲಿತೆ ಎಂದು ಕರಿಹಲಗೆಯ ಮೇಲೆ ಬರೆಸಿದರಂತೆ.

ಇಂತು, ಇನ್ನೂ ಬದುಕಿಯೇ ಇರುವ,
ತಮ್ಮ ವಿಶ್ವಾಸಿ,
ಲಿಯೊಕಾಡಿಯಾ ವ್ರೋನಾ

ತಾ.ಕ.: ನನಗೇನಾದರೂ ಆದರೆ ಹತ್ತಿರದ ಆಸ್ಪತ್ರೆ ತಮ್ಮದೇ. ಅಲ್ಲಿ "ಗೊತ್ತಿಲ್ಲ" ಎನ್ನಲು ಬರುವ ವೈದ್ಯರು ಒಬ್ಬರಾದರೂ ಇದ್ದರೆ ದಯವಿಟ್ಟು ಹೆಸರು ತಿಳಿಸಿ. ಇಲ್ಲವಾದರೆ ಹೊಟ್ಟೆನೋವನ್ನು ಹೇಗೋ ತಡೆದುಕೊಂಡು, ಮೊಮ್ಮಗಳ ಓದು ಮುಗಿಯುವವರೆಗೆ ಕಾಯುತ್ತೇನೆ.