ರ‍್ಯಾಕಿನ ಮುಂದೆ ನಿಂತ ಗಿರಾಕಿಗಳು

ಸಾಬೂನನ್ನು ಸಾಬೂನಿನ ಸಾಲಿನಲ್ಲಿ, ಶ್ಯಾಂಪೂವನ್ನು ಶ್ಯಾಂಪೂ ಸಾಲಿನಲ್ಲಿ ಇಡುವ ಕೆಲಸದಲ್ಲಿ ನಗುವಂಥದ್ದೇನಿರುತ್ತದೆ ಅಂತ ನಮ್ಮ ಮನೆಯವರು ಕೇಳುತ್ತಿದ್ದರು. ಇಡುವುದರಲ್ಲಿ ಏನೂ ಇರಲಿಲ್ಲ. ಇಟ್ಟದ್ದರ ಮುಂದೆ ಜನ ಬಂದು ನಿಂತರೆ ಸಾಕು, ಏನಾದರೊಂದು ಆಗುತ್ತಿತ್ತು. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ ಅದು. ಗಿರಾಕಿಯೇ ಬುಟ್ಟಿ ಹಿಡಿದು ಬೇಕಾದ್ದನ್ನು ತೆಗೆದುಕೊಳ್ಳುವಂಥ ಅಂಗಡಿ ಹೊಸಪೇಟೆಯಲ್ಲಿ ಶುರುವಾಗಿತ್ತು, ಅಲ್ಲಿ ರ‍್ಯಾಕ್ ಜೋಡಿಸುವುದು ನನ್ನ ಕೆಲಸ. ಒಂದೇ ಸಾಮಾನನ್ನು ಒಬ್ಬೊಬ್ಬರು ಒಂದೊಂದು ಥರ ನೋಡುವುದು ಯಾಕೆ ಅನ್ನುವುದು ನನಗೆ ಇವತ್ತಿಗೂ ಮುಗಿಯದ ಕುತೂಹಲ.

ಪಗಾರ ಯಾರಿಗೆ?

ಅಂಗಡಿ ತೆರೆದ ಹೊಸದರಲ್ಲಿ ಟಿ.ಬಿ. ಡ್ಯಾಂ ಕಡೆಯಿಂದ ಒಬ್ಬ ಹಿರಿಯರು ಬಂದರು. ಬಾಗಿಲಲ್ಲೇ ನಿಂತು, "ಒಂದು ಕೇಜಿ ತೊಗರಿಬ್ಯಾಳಿ ಕೊಡವ್ವಾ" ಅಂದರು.

"ಒಳಗ ಬರ್ರಿ ಅಜ್ಜಾರ. ಬುಟ್ಟಿ ಹಿಡ್ಕೊಂಡು ನೀವ ತಗೋರಿ."

"ನಾನ ಹುಡುಕಬೇಕು?"

"ಹೌದ್ರಿ."

"ನಾನ ಹೊರಬೇಕು?"

"ಹೌದ್ರಿ."

ಅವರು ಬುಟ್ಟಿ ನೋಡಿದರು, ರ‍್ಯಾಕ್ ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಹಂಗಾರ ಪಗಾರ ಯಾರಿಗೆ? ನಿನಗೋ, ನನಗೋ?"

ಕೆಂಪು ಪ್ಯಾಕೆಟ್ಟು

ಲಾರಿಗಳ ಕೆಂಪು ಧೂಳು ಅಂಗಡಿಯೊಳಕ್ಕೂ ಬರುತ್ತಿತ್ತು. ಈ ತುದಿಯಿಂದ ಒರೆಸುತ್ತ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಮತ್ತೆ ಕೆಂಪು.

ಸಂಡೂರಿನ ಲಾರಿ ಡ್ರೈವರ್ ಒಬ್ಬ ಬಂದು, "ಬಟ್ಟಿ ಒಗಿಯೋ ಪೌಡರ್ ಕೊಡ್ರಿ, ಕೆಂಪು ಪ್ಯಾಕೆಟ್ಟಿಂದು. ಹೋದ ಸಲ ಇಲ್ಲಿಂದ್ಲ ಒಯ್ದಿದ್ದೆ. ಮನ್ಯಾಕಿ ಅದ ಬೇಕಂತ ಹೇಳ್ಯಾಳ" ಅಂದ.

ಕೆಂಪು ಪ್ಯಾಕೆಟ್ಟು ನಮ್ಮಲ್ಲಿ ಇರಲೇ ಇಲ್ಲ. ನಾನು ಹುಡುಕುತ್ತಿರುವಾಗ ಅವನೇ ಬಾಗಿಲ ಪಕ್ಕದ ಸಾಲಿಗೆ ಬೆರಳು ಮಾಡಿ, "ಅಕಾ, ಅಲ್ಲೈತಲ್ರಿ" ಅಂದ. ಅದು ಬಿಳಿ ಪ್ಯಾಕೆಟ್ಟು. ಆ ಸಾಲನ್ನು ಅವತ್ತು ಒರೆಸಿರಲಿಲ್ಲ, ಅಷ್ಟೇ. ನಾಚಿಕೆಯಾಗಿ ಅವನೆದುರಿಗೇ ಬಟ್ಟೆಯಿಂದ ಒರೆಸಿದೆ. ಪ್ಯಾಕೆಟ್ಟು ಬೆಳ್ಳಗಾಯಿತು, ನನ್ನ ಬಟ್ಟೆ ಕೆಂಪಾಯಿತು.

ಅವನು ಕೈ ಹಿಂದಕ್ಕೆ ಎಳೆದುಕೊಂಡ. "ಬ್ಯಾಡ ಬಿಡ್ರಿ. ಪ್ಯಾಕೆಟ್ಟ ಹಿಂಗ ಬಣ್ಣ ಬಿಟ್ರ ನಮ್ಮ ಬಟ್ಟಿ ಗತಿ ಏನು?"

ಸೊರಗಿದವರು

ಹಂಪಿ ಬಜಾರಿಗೆ ಬರುವ ವಿದೇಶಿಯರು ಕೇಳುತ್ತಾರೆಂದು ಅಂಗಡಿಯ ಸಾಹುಕಾರರು ಟಾಯ್ಲೆಟ್ ಪೇಪರಿನ ಸುರುಳಿಗಳನ್ನು ತರಿಸಿದರು. ಅದನ್ನು ಎಲ್ಲಿ ಇಡುವುದು? ಫಿನಾಯಿಲ್ ಪಕ್ಕ ಇಟ್ಟರೆ ಕಾಣುವುದಿಲ್ಲ ಅಂದರು. ಪೇಪರ್ ಪ್ಲೇಟು, ಪೇಪರ್ ಲೋಟಗಳ ಪಕ್ಕ ಜೋಡಿಸಿದೆ.

ಕಂಪ್ಲಿಯ ಒಬ್ಬ ಹೆಣ್ಣುಮಗಳು ಸುರುಳಿ ಹಿಚುಕಿ ನೋಡಿ, "ಇದು ಏನಕ್ಕವ್ವಾ?" ಅಂದಳು. ಪಕ್ಕದಲ್ಲೇ ಸಾಹುಕಾರರು ನಿಂತಿದ್ದರು. ನಾನು ತಲೆ ತಗ್ಗಿಸಿ, "ಒರಸಾಕ ರೀ" ಅಂದೆ. ಆಕೆಗೆ ಅಷ್ಟು ಸಾಕಾಯಿತು. ಇದ್ದಷ್ಟೂ ಕಟ್ಟಿಸಿಕೊಂಡು ಹೋದಳು.

ಕೆಲ ದಿನ ಬಿಟ್ಟು ಮತ್ತೆ ಬಂದಳು. "ಮಗಳ ಮದಿವ್ಯಾಗ ಊಟದ ಟೇಬಲ್ಲಿಗೆ ಅದನ್ನ ಹಾಸಿದ್ವಿ ನೋಡವ್ವಾ. ಭಾಳ ಮೆತ್ತಗ ಐತಿ ಅಂತ ಬೀಗರು ಹೊಗಳಿದ್ರು. ಆದ್ರ ಅಗಲ ಸಾಲಲಿಲ್ಲ. ಅದರ ಮ್ಯಾಲ ಹಿಡಿಯೋವಷ್ಟು ಸಣ್ಣ ಎಲ್ಯಾಗ ಉಣ್ಣೋರು ಯಾರು?"

"ಹಂಪಿಗೆ ಬರ್ತಾರಲ್ರಿ ಫಾರಿನ್ನೋರು, ಅವ್ರು ಒಯ್ತಾರ" ಅಂದೆ.

"ಅಯ್ಯ ಪಾಪ," ಅಂದಳು, "ಅದಕ್ಕ ಅವ್ರು ಅಷ್ಟು ಸೊರಗ್ಯಾರ."

ಶೋಕೇಸು

ಸಂಡೂರಿನ ಒಬ್ಬ ಲಾರಿ ಮಾಲೀಕರು ನಾನು ಜೋಡಿಸಿದ ಮುಂದಿನ ರ‍್ಯಾಕನ್ನು ಬಹಳ ಹೊತ್ತು ನೋಡುತ್ತ ನಿಂತರು. ಬಣ್ಣದ ಪ್ರಕಾರ ಸಾಬೂನು, ಎತ್ತರದ ಪ್ರಕಾರ ಶ್ಯಾಂಪೂ, ನಡುವೆ ಗೋಪುರದ ಹಾಗೆ ಬಿಸ್ಕತ್ತಿನ ಡಬ್ಬಿಗಳು.

"ಇದು ಬೇಕ್ರಿ" ಅಂದರು.

"ಯಾವುದ್ರಿ?"

"ಪೂರ್ತಿ. ಹಿಂಗ ಜೋಡಿಸಿ ಕೊಡಬೇಕು."

ಹೊಸ ಬಂಗಲೆ ಕಟ್ಟಿಸಿದ್ದರು. ಹಾಲ್‌ನಲ್ಲಿ ಗೋಡೆ ತುಂಬ ಗಾಜಿನ ಶೋಕೇಸು ಇತ್ತು, ಇಡಲು ಸಾಮಾನಿರಲಿಲ್ಲ. ಭಾನುವಾರ ಮಗನಿಗೆ ನೋಡಿದ್ದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಸಾಹುಕಾರರು ಖುಷಿಯಿಂದ ನನ್ನನ್ನೇ ಅವರ ಜೀಪಿನಲ್ಲಿ ಕಳಿಸಿದರು.

ಮಾಲೀಕರ ತಾಯಿ ಸೋಫಾ ಬಿಟ್ಟು ನೆಲದ ಮೇಲೆ ಕೂತು ಶೇಂಗಾ ಸುಲಿಯುತ್ತ ನನ್ನ ಕೆಲಸ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ, "ಇವನ್ನ ಯಾವಾಗ ಹಚ್ಕೋಬೇಕಲೇ?" ಅಂತ ಮಗನನ್ನು ಕೇಳಿದರು.

"ಹಚ್ಕೊಳ್ಳಂಗಿಲ್ಲಬೇ. ಬರೇ ನೋಡಾಕ."

ಅವರು ಶೇಂಗಾ ಬುಟ್ಟಿಯನ್ನು ಪಕ್ಕಕ್ಕಿಟ್ಟು ಶೋಕೇಸನ್ನು ಇನ್ನೊಮ್ಮೆ ನೋಡಿದರು.

ಮುಂದಿನ ವಾರ ಮಾಲೀಕರು ಕೆಂಡದಂಥ ಮುಖ ಹೊತ್ತು ಅಂಗಡಿಗೆ ಬಂದರು. "ಏನ್ ಜೋಡಿಸಿದಿರವ್ವಾ ನೀವು! ಕಿಟಕ್ಯಾಗ ನೋಡಿದ ಬಾಜೂ ಮನ್ಯಾಕಿ ಅಂಗಡಿ ಅಂದ್ಕೊಂಡು ಒಂದು ಸಾಬೂನು ಕೊಡ್ರಿ ಅಂದಾಳ. ನಮ್ಮವ್ವ ಕೊಟ್ಟಾಳ! ಮರುದಿನ ಓಣಿಗೆ ಓಣೀನ ಬಂತು. ಭಾನುವಾರ ಹೆಣ್ಣಿನ ಕಡ್ಯಾವ್ರು ಬಂದಾಗ ಹಾಲ್‌ನ್ಯಾಗ ಹೆಂಗಸರ ಸಾಲು ನಿಂತೈತಿ. ನಮ್ಮವ್ವ ಸೋಫಾ ಮ್ಯಾಲೆ ಕುಂತು ಚಿಲ್ಲರ ಕೇಳಾಕತ್ಯಾಳ!"

"ಸಂಬಂಧ ತಪ್ಪಿತೇನ್ರಿ?"

"ತಪ್ಪಿದ್ದಿಲ್ಲ. ಹುಡುಗಿ ಅವ್ವ ಎಲ್ಲಾ ನೋಡಿ, 'ಲಾರಿ ಇವತ್ತು ಇರ್ತಾವ, ನಾಳೆ ಇರೋದಿಲ್ಲ. ಮನ್ಯಾಗ ಅಂಗಡಿ ಐತಿ, ನಮ್ಮ ಹುಡುಗಿ ಕೊಡ್ತೀವಿ' ಅಂದ್ರು."

"ಮತ್ತ ಸಿಟ್ಟು ಯಾಕ್ರಿ?"

"ಯಾಕಂತೀರಿ? ಹೋಗೋವಾಗ ಬೀಗತಿ ಎರಡು ಶ್ಯಾಂಪೂ ತಗೊಂಡ್ರು. ನಮ್ಮವ್ವ ಅವ್ರ ಕಡಿಂದ್ಲೂ ರೊಕ್ಕ ಇಸ್ಕೊಂಡ್ಲು!"